ಎರಡು ಪುಟದೊಳಗೊಂದು ಬಾಳು: ಕಿರು ಜೀವನಚರಿತ್ರೆ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ವೀರಗಲ್ಲೊಂದರಲ್ಲಿ ಒಂದು ಬೇಟೆನಾಯಿಯ ಕಥೆಯಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಕಾಳಗದಲ್ಲಿ ಗಂಗ ಬೂತುಗನ ಕಡೆಯ ಮಣಲೆರ ಎಂಬ ವೀರನು ಪರಾಕ್ರಮ ಮೆರೆದನು. ಮೆಚ್ಚಿದ ಒಡೆಯನು ಏನು ಬೇಕೆಂದು ಕೇಳಿದಾಗ ಅವನು ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದನು. ಮುಂದೆ ಆ ಕಾಳಿಯು ಕಾಡುಹಂದಿಯೊಂದರೊಡನೆ ಹೋರಾಡಿ, ಎರಡೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಕಲ್ಲು ನೆಟ್ಟು ಭೂಮಿಯನ್ನು ದತ್ತಿಯಾಗಿ ಬಿಟ್ಟರು. ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಒಂದಕ್ಕೊಂದು ಎದುರಾಗಿ ಸೆಣಸುತ್ತಿರುವ ಚಿತ್ರವೂ ಇದೆ.

ಕೆಲವೇ ಸಾಲುಗಳಲ್ಲಿ ಕಾಲ, ಒಡೆತನ, ನಡೆದ ಘಟನೆ, ಸಾವು, ಆಮೇಲೆ ಜನ ನಡೆದುಕೊಂಡ ರೀತಿ ಎಲ್ಲವೂ ಬಂದಿವೆ. ಕಿರು ಜೀವನಚರಿತ್ರೆ ಕನ್ನಡಕ್ಕೆ ಹೊಸತಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಕಲ್ಲಿನಲ್ಲಿ ಜಾಗ ಕಡಿಮೆ, ಕೊರೆಯುವ ಶ್ರಮ ಹೆಚ್ಚು. ಆದ್ದರಿಂದ ಯಾವುದನ್ನು ಬಿಡಬೇಕೆಂಬುದನ್ನು ಅಂದಿನವರು ಮೊದಲೇ ತೀರ್ಮಾನಿಸಿಕೊಳ್ಳಬೇಕಾಗಿತ್ತು. ಶಾಲೆಯ ಸ್ಮರಣ ಸಂಚಿಕೆಗೋ ಸಂಘದ ಪತ್ರಿಕೆಗೋ ಜಯಂತಿಯ ಕರಪತ್ರಕ್ಕೋ ಮಹನೀಯರ ಪರಿಚಯ ಬರೆಯಲು ಕೂರುವ ನಾವು ಆ ತೀರ್ಮಾನವನ್ನೇ ಮಾಡದೆ ಬರೆಯತೊಡಗುತ್ತೇವೆ. ಹುಟ್ಟು, ವಿದ್ಯಾಭ್ಯಾಸ, ಹುದ್ದೆಗಳು, ಪ್ರಶಸ್ತಿಗಳು, ಮರಣ ಎಂಬ ಒಂದೇ ಅಚ್ಚಿಗೆ ರಾಣಿಯನ್ನೂ ಎಂಜಿನಿಯರನ್ನೂ ಗಾಯಕಿಯನ್ನೂ ಸುರಿಯುತ್ತೇವೆ. ಓದಿ ಮುಗಿಸಿದವರಿಗೆ ಆ ವ್ಯಕ್ತಿ ದೊಡ್ಡವರೆಂದು ತಿಳಿಯುತ್ತದೆ, ಏಕೆ ದೊಡ್ಡವರೆಂದು ಮಾತ್ರ ತಿಳಿಯುವುದಿಲ್ಲ.

ಈ ಮಾರ್ಗದರ್ಶಿಯು 200ರಿಂದ 800 ಪದಗಳೊಳಗಿನ ಬರಹವನ್ನು ಉದ್ದೇಶವಾಗಿಟ್ಟುಕೊಂಡಿದೆ. ಬೇರೆ ಬೇರೆ ಕ್ಷೇತ್ರಗಳ ಕೆಲವರನ್ನು ನಿದರ್ಶನವಾಗಿ ಬಳಸಿದ್ದೇನೆ. ಅವರಲ್ಲಿ ನಿಘಂಟುಕಾರ ಫರ್ಡಿನೆಂಡ್ ಕಿಟ್ಟೆಲ್ ಅವರನ್ನು ಕೊನೆಯವರೆಗೂ ಜೊತೆಯಲ್ಲಿಟ್ಟುಕೊಂಡು, ಸಿದ್ಧಗೊಂಡ ಬರಹವನ್ನೇ ಕೊನೆಯಲ್ಲಿ ಕೊಟ್ಟಿದ್ದೇನೆ.

ಮೊದಲ ಹೆಜ್ಜೆ: ಒಂದು ಪ್ರಶ್ನೆಯನ್ನು ಕಟ್ಟಿಕೊಳ್ಳಿ

ವ್ಯಕ್ತಿಯನ್ನು ಆರಿಸಿಕೊಂಡ ಕೂಡಲೇ ಮಾಹಿತಿ ಕಲೆಹಾಕಲು ಹೊರಡಬೇಡಿ. ಈ ಬಾಳಿನ ಬಗ್ಗೆ ಓದುಗರಿಗೆ ನಾನು ಉತ್ತರಿಸಬೇಕಾದ ಒಂದೇ ಪ್ರಶ್ನೆ ಯಾವುದು ಎಂದು ಕೇಳಿಕೊಂಡು, ಅದನ್ನು ಒಂದು ಚೀಟಿಯಲ್ಲಿ ಬರೆದು ಕಣ್ಣೆದುರು ಇಟ್ಟುಕೊಳ್ಳಿ. ಕಿಟ್ಟೆಲ್ ಅವರ ವಿಷಯದಲ್ಲಿ ನನ್ನ ಪ್ರಶ್ನೆ ಹೀಗಿತ್ತು: ಧರ್ಮಪ್ರಚಾರಕ್ಕೆಂದು ಬಂದ ಒಬ್ಬ ಪಾದ್ರಿ, ಕನ್ನಡದ ಒಂದೊಂದು ಪದಕ್ಕೂ ಬೇರು ಹುಡುಕುವ ಕೆಲಸಕ್ಕೆ ಹೇಗೆ ತಿರುಗಿದರು? ಆರ್. ಶಾಮಶಾಸ್ತ್ರಿಗಳ ಬಗ್ಗೆ ಬರೆಯುವುದಾದರೆ ಪ್ರಶ್ನೆ ಬೇರೆ. 1905ರಲ್ಲಿ ಮೈಸೂರಿನ ಓರಿಯಂಟಲ್ ಗ್ರಂಥಾಲಯದಲ್ಲಿ ಗ್ರಂಥ ಲಿಪಿಯ ತಾಳೆಗರಿಯ ಕಟ್ಟೊಂದು ಅವರ ಕೈಗೆ ಬಂದಾಗ, ಅದು ಶತಮಾನಗಳ ಕಾಲ ವಿದ್ವಾಂಸರ ಕಣ್ಣಿಗೆ ಬೀಳದಿದ್ದ ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಲು ಅವರಲ್ಲಿ ಯಾವ ಸಿದ್ಧತೆ ಇತ್ತು? ಹೀಗೆ ಕೇಳಿಕೊಂಡಾಗ ಅವರ ಸಂಸ್ಕೃತದ ಓದು ಬರಿಯ ವಿದ್ಯಾರ್ಹತೆಯಾಗಿ ಉಳಿಯದೆ ಕಥೆಯೊಳಗಿನ ಕಾರಣವಾಗುತ್ತದೆ. 1909ರಲ್ಲಿ ಅಚ್ಚಾದ ಮೂಲ ಪಾಠ, 1915ರ ಇಂಗ್ಲಿಷ್ ಅನುವಾದ ಎರಡೂ ತಾವಾಗಿಯೇ ತಮ್ಮ ಜಾಗಕ್ಕೆ ಬರುತ್ತವೆ.

“ಇವರ ಸಾಧನೆಗಳೇನು?” ಎಂಬುದು ಪ್ರಶ್ನೆಯಲ್ಲ, ಪಟ್ಟಿಗೆ ಕೊಟ್ಟ ಕರೆ. ಹೇಗೆ, ಏಕೆ, ಯಾವುದನ್ನು ಎದುರಿಸಿ ಎಂಬ ಪದಗಳಿರುವ ಪ್ರಶ್ನೆಯೇ ಬರಹವನ್ನು ಮುಂದಕ್ಕೆ ಒಯ್ಯಬಲ್ಲದು.

ಎರಡನೆಯ ಹೆಜ್ಜೆ: ವರ್ಷಗಳ ಪಟ್ಟಿ, ಮತ್ತು ಅದರೊಳಗಿನ ಜಗಳಗಳು

ಒಂದು ಹಾಳೆಯನ್ನು ಮೂರು ಕಲಮುಗಳಾಗಿ ಗೆರೆ ಎಳೆದುಕೊಳ್ಳಿ. ಮೊದಲನೆಯದರಲ್ಲಿ ವರ್ಷ, ಎರಡನೆಯದರಲ್ಲಿ ಘಟನೆ, ಮೂರನೆಯದರಲ್ಲಿ ಅದು ನಿಮಗೆ ಎಲ್ಲಿ ಸಿಕ್ಕಿತು ಎಂಬುದನ್ನು ಬರೆಯಿರಿ. ಮೂರನೆಯ ಕಲಮು ಖಾಲಿ ಇರುವ ಯಾವ ಸಾಲನ್ನೂ ಬರಹದೊಳಗೆ ಬಿಟ್ಟುಕೊಳ್ಳಬೇಡಿ. ಒಂದೇ ಸಂಗತಿಗೆ ಎರಡು ಕಡೆ ಎರಡು ವರ್ಷ ಸಿಕ್ಕರೆ ಎರಡನ್ನೂ ಬರೆದಿಟ್ಟು, ಯಾವುದು ಹೆಚ್ಚು ನಂಬತಕ್ಕದ್ದೆಂದು ಕಾರಣ ಸಮೇತ ನಿರ್ಧರಿಸಿ.

ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನ ಸೆಪ್ಟೆಂಬರ್ 15 ಎಂಬುದರಲ್ಲಿ ತಕರಾರಿಲ್ಲ. ವರ್ಷ ಮಾತ್ರ ಕೆಲವೆಡೆ 1860, ಇನ್ನು ಕೆಲವೆಡೆ 1861 ಎಂದಿದೆ. ಅವರು ಬದುಕಿದ್ದಾಗಲೇ, 1960ರಲ್ಲಿ, ಅವರ ಜನ್ಮಶತಮಾನೋತ್ಸವ ನಡೆದು ಅಂಚೆಚೀಟಿಯೂ ಹೊರಬಂದಿತು. ಸ್ವತಃ ಅವರೇ ಇದ್ದು ನೋಡಿದ ಆಚರಣೆಯ ಲೆಕ್ಕವು ಬಳಿಕ ಒಬ್ಬರಿಂದೊಬ್ಬರು ನಕಲು ಮಾಡಿಕೊಂಡ ಲೆಕ್ಕಕ್ಕಿಂತ ಗಟ್ಟಿಯಾದದ್ದು. ಆದ್ದರಿಂದ ನಾನು 1860 ಎಂದೇ ಬರೆಯುತ್ತೇನೆ.

ಹಳೆಯ ಶಾಲಾ ದಾಖಲೆಗಳನ್ನು ನೋಡುವವರು ಇನ್ನೊಂದು ಎಚ್ಚರಿಕೆ ವಹಿಸಬೇಕು. ನಮ್ಮ ಹಿಂದಿನ ತಲೆಮಾರುಗಳ ಎಷ್ಟೋ ಜನರ ಹುಟ್ಟಿದ ದಿನ ಜೂನ್ 1 ಎಂದೇ ಇರುತ್ತದೆ. ಮಗುವನ್ನು ಶಾಲೆಗೆ ಸೇರಿಸುವ ದಿನ ಮೇಷ್ಟರು ವಯಸ್ಸನ್ನು ಅಂದಾಜು ಮಾಡಿ ಬರೆದುಕೊಂಡ ತಾರೀಖು ಅದು. ಊರಿನ ಹಿರಿಯರೊಬ್ಬರ ಬಗ್ಗೆ ಬರೆಯುವಾಗ ಜೂನ್ 1 ಕಂಡರೆ, ಮನೆಯವರಲ್ಲಿ ಜಾತಕವಿದೆಯೇ, ಯಾವುದಾದರೂ ಹಬ್ಬದ, ಬರಗಾಲದ ಅಥವಾ ಪ್ಲೇಗಿನ ನೆನಪಿನೊಂದಿಗೆ ಆ ಹುಟ್ಟು ಸೇರಿಕೊಂಡಿದೆಯೇ ಎಂದು ಕೇಳಿ ನೋಡಿ. ಏನೂ ಸಿಗದಿದ್ದರೆ ವರ್ಷವನ್ನಷ್ಟೇ ಬರೆಯುವುದು ಪ್ರಾಮಾಣಿಕ ದಾರಿ.

ಇನ್ನೂ ಹಿಂದಕ್ಕೆ ಹೋದರೆ ಶಕವರ್ಷ ಮತ್ತು ಸಂವತ್ಸರಗಳು ಎದುರಾಗುತ್ತವೆ. ಆತಕೂರಿನ ಕಲ್ಲಿನಲ್ಲಿರುವುದು ಶಕ 872, ಸೌಮ್ಯ ಸಂವತ್ಸರ. ಶಕವರ್ಷಕ್ಕೆ 78 ಕೂಡಿಸಬೇಕೆಂಬ ಬಳಕೆಯ ಲೆಕ್ಕದಂತೆ ಅದು ಕ್ರಿ.ಶ. 950 ಆಗಬೇಕು. ಇನ್ನು ಸಂವತ್ಸರದ ಕಡೆಯಿಂದ ಪರೀಕ್ಷಿಸಿ. ಸೌಮ್ಯವು 60 ವರ್ಷಕ್ಕೊಮ್ಮೆ ಮರಳುತ್ತದೆ. ಕಳೆದ ಬಾರಿ ಬಂದದ್ದು 1969ರ ಯುಗಾದಿಗೆ. ಅಲ್ಲಿಂದ 17 ಸುತ್ತು, ಅಂದರೆ 1020 ವರ್ಷ ಹಿಂದೆ ಸರಿದರೆ 949ರ ಯುಗಾದಿಗೆ ಬಂದು ನಿಲ್ಲುತ್ತೇವೆ. ಈ ಒಂದು ವರ್ಷದ ಅಂತರಕ್ಕೆ ಕಾರಣ, ಶಾಸನಗಳು ಕೆಲವೊಮ್ಮೆ ಸಂದ ವರ್ಷಗಳನ್ನೂ ಕೆಲವೊಮ್ಮೆ ನಡೆಯುತ್ತಿರುವ ವರ್ಷವನ್ನೂ ಎಣಿಸುತ್ತಿದ್ದುದು. ಸಂವತ್ಸರದ ಹೆಸರು ಕೈಯಲ್ಲಿದ್ದಾಗ ಅದನ್ನು ನಂಬಿ 949-50 ಎಂದು ಬರೆಯುವುದು ಸರಿಯಾದ ಕ್ರಮ.

ಮೂರನೆಯ ಹೆಜ್ಜೆ: ಎಲ್ಲಿ ಹುಡುಕಬೇಕು

ಆ ವ್ಯಕ್ತಿಯೇ ಬರೆದದ್ದು ಅಥವಾ ಮಾಡಿದ್ದು ಮೊದಲು. ಅವರನ್ನು ಕಣ್ಣಾರೆ ಕಂಡವರು ಹೇಳಿದ್ದು ಬಳಿಕ. ಆಮೇಲಿನವರು ಬರೆದ ಚರಿತ್ರೆಗಳು ಅದರ ನಂತರ. ನಾವು ಸಾಮಾನ್ಯವಾಗಿ ಮಾಡುವುದು ಇದಕ್ಕೆ ತಿರುಗುಮುರುಗು. ಕಿಟ್ಟೆಲ್ ಬಗ್ಗೆ ಹತ್ತು ಲೇಖನ ಓದುವುದಕ್ಕಿಂತ ಅವರ ನಿಘಂಟಿನ ಹತ್ತು ಪುಟ ತಿರುವುವುದು ಲೇಸು. ಒಂದು ಕನ್ನಡ ಪದದ ಎದುರು ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳ ಸೋದರ ರೂಪಗಳು, ಸಂಸ್ಕೃತದಿಂದ ಬಂದಿದ್ದರೆ ಅದರ ಗುರುತು, ಹಿಂದೂಸ್ಥಾನಿಯಿಂದಲೋ ಮರಾಠಿಯಿಂದಲೋ ಬಂದಿದ್ದರೆ ಅದರ ಸೂಚನೆ, ಅರ್ಥಕ್ಕೆ ಆಧಾರವಾಗಿ ಹಳೆಯ ಕಾವ್ಯದ ಪ್ರಯೋಗ, ಅದರ ಪಕ್ಕದಲ್ಲೇ ಜನರ ಬಾಯಲ್ಲಿದ್ದ ಗಾದೆ ಇವೆಲ್ಲ ಕಾಣಸಿಗುತ್ತವೆ. ಪಂಡಿತರ ಮನೆಗೂ ಸಂತೆಗೂ ಒಂದೇ ಮನುಷ್ಯ ಕಿವಿಗೊಟ್ಟಿದ್ದನೆಂಬುದು ಆ ಪುಟಗಳಿಂದಲೇ ಗೊತ್ತಾಗುತ್ತದೆ. ಯಾರ ಲೇಖನವೂ ಇಷ್ಟು ನೇರವಾಗಿ ಅದನ್ನು ತೋರಿಸದು.

ಸ್ಥಳೀಯ ವ್ಯಕ್ತಿಗಳಿಗಾಗಿ ಜಿಲ್ಲಾ ಗೆಜೆಟಿಯರುಗಳು, ಬಿ.ಎಲ್. ರೈಸ್ ಅವರು ಆರಂಭಿಸಿದ ತಾಲ್ಲೂಕುವಾರು ಶಾಸನ ಸಂಪುಟಗಳು, ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ, ಹಳೆಯ ಪತ್ರಿಕೆಗಳ ಕಡತ, ಶಾಲೆಯ ದಾಖಲಾತಿ ಪುಸ್ತಕ, ಮನೆಯ ಟ್ರಂಕಿನಲ್ಲಿರುವ ಪತ್ರಗಳು ಇವೆಲ್ಲ ಉಪಯೋಗಕ್ಕೆ ಬರುತ್ತವೆ. ಮನೆಯವರನ್ನು ಮಾತಾಡಿಸುವಾಗ “ಅವರು ಹೇಗಿದ್ದರು?” ಎಂದು ಕೇಳಿದರೆ ಬರುವ ಉತ್ತರ “ದೇವರಂಥ ಮನುಷ್ಯ” ಎಂದೇ. “ಬೆಳಿಗ್ಗೆ ಎದ್ದ ಕೂಡಲೇ ಏನು ಮಾಡುತ್ತಿದ್ದರು, ಯಾವುದಕ್ಕೆ ಸಿಟ್ಟಾಗುತ್ತಿದ್ದರು, ಸಂಬಳ ಎಷ್ಟಿತ್ತು?” ಎಂದು ಕೇಳಿ, ಆಗ ಮನುಷ್ಯ ಕಾಣಿಸಿಕೊಳ್ಳುತ್ತಾನೆ.

ನಾಲ್ಕನೆಯ ಹೆಜ್ಜೆ: ಆ ಕಾಲದ ಭೂಪಟವನ್ನೂ ಕಾನೂನನ್ನೂ ಹರಡಿಕೊಳ್ಳಿ

ಅತಿ ಹೆಚ್ಚು ತಪ್ಪುಗಳು ನುಸುಳುವುದು ಇಲ್ಲಿ. ಕಿತ್ತೂರು ರಾಣಿ ಚೆನ್ನಮ್ಮನವರ ಪರಿಚಯಗಳಲ್ಲಿ “ಡಾಲ್‌ಹೌಸಿಯ ದತ್ತು ಮಕ್ಕಳಿಗೆ ಹಕ್ಕಿಲ್ಲವೆಂಬ ಕಾಯಿದೆಯ ವಿರುದ್ಧ ಹೋರಾಡಿದರು” ಎಂಬ ಸಾಲು ಪದೇ ಪದೇ ಕಾಣುತ್ತದೆ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿದ್ದು 1848ರಿಂದ 1856ರವರೆಗೆ. ಕಿತ್ತೂರಿನ ಕೋಟೆಯೆದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದು 1824ರ ಅಕ್ಟೋಬರ್‌ನಲ್ಲಿ. ರಾಣಿಯವರು ಬೈಲಹೊಂಗಲದ ಸೆರೆಯಲ್ಲಿ ಕೊನೆಯುಸಿರೆಳೆದದ್ದು 1829ರಲ್ಲಿ. ಡಾಲ್‌ಹೌಸಿ ಬರುವುದಕ್ಕೆ ಎರಡು ದಶಕ ಮುಂಚೆಯೇ ಕಂಪನಿಯ ಅಧಿಕಾರಿಗಳು ಕಿತ್ತೂರಿನ ದತ್ತು ಸ್ವೀಕಾರವನ್ನು ಮಾನ್ಯ ಮಾಡಲು ನಿರಾಕರಿಸಿದರೆಂದು ಬರೆದರೆ ಸತ್ಯಕ್ಕೆ ಸತ್ಯವೂ ಆಯಿತು, ರಾಣಿಯ ಎದೆಗಾರಿಕೆ ಇನ್ನಷ್ಟು ಎದ್ದೂ ಕಂಡಿತು. ಮುಂದೆ ಝಾನ್ಸಿಯಲ್ಲಿ ಎದ್ದ ಪ್ರಶ್ನೆಯನ್ನು ಅವರು ಒಂದು ತಲೆಮಾರು ಮೊದಲೇ ಎದುರಿಸಿದ್ದರು.

ಊರುಗಳ ವಿಷಯವೂ ಹಾಗೆಯೇ. ಕಿಟ್ಟೆಲ್ ಜರ್ಮನಿಯಲ್ಲಿ ಹುಟ್ಟಿ ಕರ್ನಾಟಕಕ್ಕೆ ಬಂದರು ಎಂದು ಸಲೀಸಾಗಿ ಬರೆದುಬಿಡಬಹುದು. ಅವರು ಹುಟ್ಟಿದ 1832ರಲ್ಲಿ ಜರ್ಮನಿ ಎಂಬ ಒಂದು ರಾಷ್ಟ್ರ ಇರಲಿಲ್ಲ. ಅದು ರೂಪುಗೊಂಡದ್ದು 1871ರಲ್ಲಿ. ಅವರ ಊರಿರುವ ಪೂರ್ವ ಫ್ರೀಸ್‌ಲ್ಯಾಂಡ್ ಆಗ ಹ್ಯಾನೋವರ್ ರಾಜ್ಯದ ಭಾಗ. ಇತ್ತ ಕನ್ನಡ ನಾಡು ಒಂದಾಗಿದ್ದು 1956ರಲ್ಲಿ, ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಅವರು ಕೆಲಸ ಮಾಡಿದ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು, ಮಂಗಳೂರು ಮದ್ರಾಸು ಪ್ರಾಂತ್ಯದಲ್ಲಿತ್ತು, ಮಡಿಕೇರಿ ಕೊಡಗಿನಲ್ಲಿತ್ತು. ಇದನ್ನು ಬರಿಯ ತಿದ್ದುಪಡಿಯೆಂದು ನೋಡಬಾರದು. ಹಲವು ಆಡಳಿತಗಳ ಕೆಳಗೆ ಹಂಚಿಹೋಗಿದ್ದ ನುಡಿಯೊಂದನ್ನು ಒಂದು ಪುಸ್ತಕದೊಳಗೆ ಒಟ್ಟುಗೂಡಿಸಿದ್ದು ಎಂಥ ಕೆಲಸವೆಂಬುದು ಆ ಭೂಪಟ ಕಣ್ಣೆದುರಿದ್ದರೆ ಮಾತ್ರ ಅರಿವಾಗುತ್ತದೆ.

ಹೆಸರಿನೊಳಗಿನ ಊರನ್ನೂ ಕಣ್ಣುಮುಚ್ಚಿ ನಂಬಬಾರದು. ಬಹಳ ಹಿಂದೆ ಸಂಚಿಕೆಯೊಂದಕ್ಕೆ ಹಿಂದೂಸ್ಥಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ಪರಿಚಯ ಬರೆದಾಗ ಅವರು ಹಾನಗಲ್ಲಿನಲ್ಲಿ ಹುಟ್ಟಿದರೆಂದು ಬರೆದುಬಿಟ್ಟಿದ್ದೆ. ಧಾರವಾಡದ ಹಿರಿಯರೊಬ್ಬರು ಅದನ್ನು ಓದಿ, “ನಮ್ಮ ಬಾಯಿ ಹುಟ್ಟಿದ್ದು ಧಾರವಾಡದಾಗರೀ, ನಮ್ಮೂರ ಹೆಸರು ಕಳದ್ರಲ್ಲ” ಎಂದು ನೊಂದುಕೊಂಡು ಹೇಳಿದರು. ಅಂದಿನಿಂದ ಹುಟ್ಟೂರಿನ ಎದುರು ಮೂರನೆಯ ಕಲಮನ್ನು ಎಂದೂ ಖಾಲಿ ಬಿಟ್ಟಿಲ್ಲ.

ಐದನೆಯ ಹೆಜ್ಜೆ: ಅವರ ಕಸುಬನ್ನು ಅರಿಯಿರಿ

ಈ ಮಾರ್ಗದರ್ಶಿಯಲ್ಲಿ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದ ಹೆಜ್ಜೆ ಇದು. ಬೇರೆ ಬೇರೆ ಕ್ಷೇತ್ರಗಳವರ ಬಾಳು ಬೇರೆ ಬೇರೆಯಾಗಿ ಕಾಣಬೇಕಾದರೆ, ಅವರು ದಿನವೂ ಕೈಹಾಕುತ್ತಿದ್ದ ಕೆಲಸ ಓದುಗರಿಗೆ ಕಾಣಬೇಕು. ಒಂದು ಪುಟದ ಬರಹದಲ್ಲೂ ನಾಲ್ಕು ಸಾಲುಗಳನ್ನು ಆ ಕೆಲಸದ ಒಳಗುಟ್ಟಿಗೆ ಮೀಸಲಿಡಿ.

ಎಂಜಿನಿಯರ್ ಆದರೆ ಆ ಯಂತ್ರ ಏನು ಮಾಡುತ್ತಿತ್ತು ಎಂಬುದನ್ನು ಹೇಳಿ. “ವಿಶ್ವೇಶ್ವರಯ್ಯನವರು ಸ್ವಯಂಚಾಲಿತ ಬಾಗಿಲುಗಳನ್ನು ಕಂಡುಹಿಡಿದರು” ಎಂಬಲ್ಲಿಗೆ ನಿಲ್ಲಿಸಿದರೆ ಓದುಗರ ಮನಸ್ಸಿನಲ್ಲಿ ಏನೂ ಮೂಡುವುದಿಲ್ಲ. 1903ರಲ್ಲಿ ಪುಣೆಯ ಬಳಿಯ ಖಡಕವಾಸ್ಲಾದಲ್ಲಿ ಅಳವಡಿಸಿದ ಆ ಬಾಗಿಲುಗಳು, ಜಲಾಶಯದ ನೀರು ನಿಗದಿತ ಮಟ್ಟ ಮುಟ್ಟುವವರೆಗೆ ನೀರನ್ನು ತಡೆದು ಹಿಡಿದು, ಮಟ್ಟ ಮೀರಿದಾಗ ತಾವಾಗಿಯೇ ತೆರೆದುಕೊಂಡು, ಪ್ರವಾಹ ಇಳಿದೊಡನೆ ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಅಣೆಕಟ್ಟನ್ನು ಎತ್ತರಿಸದೆಯೇ ಹೆಚ್ಚು ನೀರು ಸಂಗ್ರಹಿಸಲು ಅದರಿಂದ ಸಾಧ್ಯವಾಯಿತು. ಇಷ್ಟು ಹೇಳಿದರೆ ಹತ್ತನೆಯ ತರಗತಿಯ ಹುಡುಗಿಗೂ ಆ ಬುದ್ಧಿಯ ಹೊಳಪು ತಿಳಿಯುತ್ತದೆ.

ಗಣಿತಜ್ಞರಾದರೆ ಒಂದು ಲೆಕ್ಕವನ್ನು ಮುಟ್ಟಿಸಿ. ಶ್ರೀನಿವಾಸ ರಾಮಾನುಜನ್ ಅವರ ಬಗ್ಗೆ ಬರೆಯುವವರು 1729 ಎಂಬ ಟ್ಯಾಕ್ಸಿ ಸಂಖ್ಯೆಯ ಪ್ರಸಂಗವನ್ನೇ ಹೇಳುತ್ತಾರೆ. ಅದು ಸೊಗಸಾದದ್ದು, ಆದರೆ ಅವರ ನಿಜವಾದ ಕೆಲಸಕ್ಕೆ ಅದರಿಂದ ಬಾಗಿಲು ತೆರೆಯುವುದಿಲ್ಲ. 4 ಎಂಬ ಸಂಖ್ಯೆಯನ್ನು ಕೂಡುವಿಕೆಯಾಗಿ ಎಷ್ಟು ಬಗೆಯಲ್ಲಿ ಒಡೆಯಬಹುದು? 4, 3+1, 2+2, 2+1+1, 1+1+1+1 ಎಂದು ಐದು ಬಗೆ. 100ನ್ನು ಒಡೆಯಲು ಹೊರಟರೆ ಬಗೆಗಳ ಸಂಖ್ಯೆ 19,05,69,292. ಒಂದೊಂದನ್ನೂ ಬರೆದು ಎಣಿಸದೆ ಈ ಸಂಖ್ಯೆಯ ಅತಿ ಸಮೀಪಕ್ಕೆ ಕೊಂಡೊಯ್ಯುವ ಸೂತ್ರವನ್ನು ರಾಮಾನುಜನ್ ಮತ್ತು ಇಂಗ್ಲೆಂಡಿನ ಗಣಿತಜ್ಞ ಹಾರ್ಡಿ 1918ರಲ್ಲಿ ಪ್ರಕಟಿಸಿದರು. ಮದ್ರಾಸು ಬಂದರಿನ ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿಗೆ ಗುಮಾಸ್ತರಾಗಿದ್ದವರು ಅವರೆಂಬುದನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದಾಗ ವಿಸ್ಮಯ ತಾನಾಗಿ ಹುಟ್ಟುತ್ತದೆ.

ಗಾಯಕಿಯಾದರೆ ಗುರು, ಸಾಧನೆ, ದನಿ ಈ ಮೂರನ್ನೂ ಬಿಡಬಾರದು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಮುಂದೆ ಕುಳಿತು ಕಲಿತದ್ದು, ಕಿರಾನಾ ಘರಾಣೆಯ ಪದ್ಧತಿಯಂತೆ ಅವಸರವಿಲ್ಲದೆ ಒಂದೊಂದೇ ಸ್ವರವನ್ನು ನೆಲೆಗೊಳಿಸುತ್ತ ರಾಗವನ್ನು ಬೆಳೆಸಿದ್ದು, ಗಂಟಲಿಗೆ ಚಿಕಿತ್ಸೆಯಾದ ಮೇಲೆ ದನಿ ತಗ್ಗಿ ಗಡುಸಾದಾಗ ಆ ಗಡುಸುತನವನ್ನೇ ತನ್ನ ಗಾಯನದ ಗುರುತಾಗಿಸಿಕೊಂಡದ್ದು ಇವುಗಳನ್ನು ಬಿಟ್ಟು ಪದ್ಮಭೂಷಣ, ಪದ್ಮವಿಭೂಷಣಗಳ ವರ್ಷಗಳನ್ನು ಮಾತ್ರ ಬರೆದರೆ ಅವರು ಆ ಪುಟದಲ್ಲಿ ಇರುವುದೇ ಇಲ್ಲ.

ಸಮಾಜ ಸುಧಾರಕರ ಕೆಲಸ ತಿಳಿಯಬೇಕಾದರೆ ಎದುರಿಗಿದ್ದ ಗೋಡೆಯನ್ನು ತೋರಿಸಬೇಕು. ಸಾವಿತ್ರಿಬಾಯಿ ಫುಲೆಯವರು 1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳತೊಡಗಿದಾಗ ಅವರಿಗಿನ್ನೂ 17 ವರ್ಷ. ಶೂದ್ರರಿಗೂ ಹೆಣ್ಣಿಗೂ ಅಕ್ಷರ ಸಲ್ಲದೆಂದು ನಂಬಿದ್ದ ಊರಿನಲ್ಲಿ ಅವರು ಹಿಂದುಳಿದ ಸಮುದಾಯದ ಹೆಣ್ಣಾಗಿಯೇ ಕಲಿಸಲು ನಿಂತಿದ್ದರು.

ಆರನೆಯ ಹೆಜ್ಜೆ: ಬಿಡುವುದು

ಇಲ್ಲಿಗೆ ಬರುವಷ್ಟರಲ್ಲಿ ನಿಮ್ಮ ಕೈಯಲ್ಲಿ ಬೇಕಾದುದಕ್ಕಿಂತ ನಾಲ್ಕೈದು ಪಟ್ಟು ಸಂಗತಿಗಳಿರುತ್ತವೆ. ಮೊದಲ ದಿನ ಬರೆದಿಟ್ಟ ಪ್ರಶ್ನೆಯ ಚೀಟಿಯನ್ನು ಹೊರತೆಗೆದು, ಅದಕ್ಕೆ ಸಂಬಂಧಿಸದ ಸಾಲುಗಳನ್ನು ಪೆನ್ಸಿಲಿನಿಂದ ಹೊಡೆದುಹಾಕಿ. ವಿಶ್ವೇಶ್ವರಯ್ಯನವರ ದಿವಾನಗಿರಿಯ 1912ರಿಂದ 1918ರ ಅವಧಿಯಲ್ಲೇ ಮೈಸೂರು ಬ್ಯಾಂಕು, ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾನಿಲಯ ಎಲ್ಲವೂ ಬರುತ್ತವೆ. ಪ್ರತಿಯೊಂದಕ್ಕೂ ಅರ್ಧ ಸಾಲು ಕೊಟ್ಟರೆ ಸರ್ಕಾರಿ ಕೈಪಿಡಿಯಾಗುತ್ತದೆ. ನೀರಿನ ಎಂಜಿನಿಯರ್ ಆಗಿ ಅವರನ್ನು ತೋರಿಸಲು ಹೊರಟಿದ್ದರೆ ಬ್ಯಾಂಕನ್ನು ಬಿಡಲು ಸಂಕೋಚಪಡಬೇಡಿ. ಬ್ಯಾಂಕಿನ ಬಗ್ಗೆ ಇನ್ನೊಂದು ಬರಹವನ್ನೇ ಬರೆಯಬಹುದು.

ಏಳನೆಯ ಹೆಜ್ಜೆ: ಕ್ರಿಯಾಪದವನ್ನು ತೂಗಿ, ವಿಶೇಷಣವನ್ನು ಕಡಿಮೆ ಮಾಡಿ

ಕನ್ನಂಬಾಡಿ ಕಟ್ಟೆಯನ್ನು “ವಿಶ್ವೇಶ್ವರಯ್ಯನವರು ಕಟ್ಟಿದರು” ಎಂಬ ವಾಕ್ಯವನ್ನೇ ತೆಗೆದುಕೊಳ್ಳಿ. ಕೆಲಸ ಶುರುವಾದದ್ದು 1911ರಲ್ಲಿ, ಅವರು ಮುಖ್ಯ ಎಂಜಿನಿಯರ್ ಆಗಿದ್ದಾಗ. ಮುಗಿದದ್ದು 1931ರ ಹೊತ್ತಿಗೆ, ಅವರು ದಿವಾನಗಿರಿ ಬಿಟ್ಟು ಹದಿಮೂರು ವರ್ಷಗಳ ಮೇಲೆ. ನಡುವೆ ನಾಲ್ವಡಿ ಕೃಷ್ಣರಾಜ ಒಡೆಯರ ನಿರ್ಧಾರವಿದೆ, ಇತರ ಎಂಜಿನಿಯರುಗಳ ದುಡಿಮೆಯಿದೆ, ಸಿಮೆಂಟಿನ ಬದಲು ಸುರ್ಕಿ ಗಾರೆ ಹಾಕಿ ಕಲ್ಲು ಕೂರಿಸಿದ ಸಾವಿರಾರು ಕೂಲಿಗಳ ಬೆವರಿದೆ, ಮುಳುಗಡೆಯಾದ ಊರುಗಳ ಜನರಿದ್ದಾರೆ. “ಯೋಜನೆಯನ್ನು ರೂಪಿಸಿದರು, ಕಾಮಗಾರಿಗೆ ಚಾಲನೆ ಕೊಟ್ಟರು” ಎಂದರೆ ಅವರ ಹಿರಿಮೆ ಎಳ್ಳಷ್ಟೂ ಕುಗ್ಗುವುದಿಲ್ಲ, ಉಳಿದವರಿಗೆ ಅನ್ಯಾಯವೂ ಆಗುವುದಿಲ್ಲ. ಸ್ಥಾಪಿಸಿದರು, ಸಂಪಾದಿಸಿದರು, ಅನುವಾದಿಸಿದರು, ಬೆಂಬಲಿಸಿದರು, ಪ್ರೇರಣೆಯಾದರು ಎಂಬ ಪದಗಳಿಗೆ ಒಂದೊಂದಕ್ಕೂ ಅದರದೇ ತೂಕವಿದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಅದು ಸುಳ್ಳು ಸಾಕ್ಷಿ.

“ಅಪ್ರತಿಮ”, “ಅವಿಸ್ಮರಣೀಯ”, “ಬಹುಮುಖ ಪ್ರತಿಭೆಯ”, “ಧೀಮಂತ” ಎಂಬ ಪದಗಳು ಕರಡಿನಲ್ಲಿ ಕಂಡಲ್ಲೆಲ್ಲ ಅವುಗಳಿಗೆ ಕಾರಣವಾದ ಸಂಗತಿಯನ್ನು ಅದೇ ಜಾಗದಲ್ಲಿ ಬರೆಯಿರಿ. ಸಂಗತಿ ಸಿಗದಿದ್ದರೆ ಪದವನ್ನು ತೆಗೆಯಿರಿ.

ಎಂಟನೆಯ ಹೆಜ್ಜೆ: ನೋವಿನ ಜಾಗಗಳು

ದೊಡ್ಡವರ ಬಾಳಿನಲ್ಲಿ ಜಾತಿಯ ಅವಮಾನ, ಬಡತನ, ಮುರಿದ ಸಂಸಾರ, ತಪ್ಪು ನಿರ್ಧಾರಗಳು ಇದ್ದೇ ಇರುತ್ತವೆ. ಅವನ್ನು ಮರೆಮಾಚುವುದೂ ಚಪ್ಪರಿಸಿ ಹೇಳುವುದೂ ಒಂದೇ ಬಗೆಯ ಅಗೌರವ. ನಾನು ಪಾಲಿಸುವ ನಿಯಮವಿಷ್ಟೆ: ಅವರೇ ಬಹಿರಂಗವಾಗಿ ಹೇಳಿಕೊಂಡ ನೋವನ್ನು ಅವರು ಹೇಳಿದಷ್ಟೇ ಗಾಂಭೀರ್ಯದಿಂದ ಬರೆಯಬೇಕು, ಹೇಳದಿದ್ದುದನ್ನು, ಅವರ ಕೆಲಸ ಅರ್ಥವಾಗಲು ಅದು ಅನಿವಾರ್ಯವಾಗಿದ್ದರೆ ಮಾತ್ರ ಮುಟ್ಟಬೇಕು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಹಾಡಿದ 11 ವರ್ಷದ ಬಾಲಕಿ ಗಂಗೂಬಾಯಿಗೆ, ತನ್ನ ಜಾತಿಯ ಕಾರಣಕ್ಕೆ ಅಲ್ಲಿ ಹೇಗೆ ನಡೆಸಿಕೊಂಡಾರೋ ಎಂಬ ಅಳುಕು ಇತ್ತು. ಅವರೇ ನೆನೆದುಕೊಂಡ ಸಂಗತಿಯಿದು. ಅದನ್ನು ಬರೆದ ಮೇಲೆ ಕನಿಕರದ ಇನ್ನೊಂದು ವಾಕ್ಯವನ್ನು ಸೇರಿಸುವ ಅಗತ್ಯವೇ ಬೀಳುವುದಿಲ್ಲ.

ಒಂಬತ್ತನೆಯ ಹೆಜ್ಜೆ: ಕಟ್ಟುವುದು, ಓದಿಸುವುದು

ಹುಟ್ಟಿನಿಂದಲೇ ಆರಂಭಿಸಬೇಕೆಂಬ ಕಟ್ಟಳೆಯಿಲ್ಲ. ಪ್ರಶ್ನೆಗೆ ಅತಿ ಹತ್ತಿರವಿರುವ ಕ್ಷಣದಿಂದ ತೊಡಗಿ, ಎರಡನೆಯ ಪ್ಯಾರಾದಲ್ಲಿ ಹುಟ್ಟು, ಮನೆತನಗಳಿಗೆ ಹಿಂದಿರುಗಿ, ಮುಂದೆ ಕಾಲಾನುಕ್ರಮವನ್ನೇ ಹಿಡಿಯುವುದು ಕಿರು ಬರಹಕ್ಕೆ ಚೆನ್ನಾಗಿ ಒಗ್ಗುತ್ತದೆ. ಗೌರವದ ಬಹುವಚನವನ್ನು ಒಮ್ಮೆ ಹಿಡಿದರೆ ಕೊನೆಯವರೆಗೂ ಬಿಡಬೇಡಿ. ಪ್ರಾಚೀನ ದೊರೆಗಳಿಗೆ ಏಕವಚನ, ಹತ್ತಿರದ ಕಾಲದವರಿಗೆ ಬಹುವಚನ ಎಂಬ ನಮ್ಮ ರೂಢಿಯನ್ನು ಅನುಸರಿಸಬಹುದು. ಆದರೆ ಗಂಡಸರಿಗೆ “ಅವರು”, ಹೆಂಗಸರಿಗೆ “ಅವಳು” ಎಂಬ ಭೇದ ಎಲ್ಲಿಯೂ ಸುಳಿಯಬಾರದು.

ಭಾರತದಲ್ಲಿ ಬರಹಗಾರರು ತೀರಿಕೊಂಡ 60 ವರ್ಷಗಳವರೆಗೆ ಅವರ ಬರಹಗಳ ಮೇಲೆ ಹಕ್ಕುಸ್ವಾಮ್ಯ ಇರುತ್ತದೆಯಾದ್ದರಿಂದ ಉದ್ದವಾದ ಉದ್ಧರಣೆಗೆ ಅನುಮತಿ ಕೇಳಬೇಕು. ಮನೆಯವರು ಕೊಟ್ಟ ಭಾವಚಿತ್ರಕ್ಕೆ ಅವರ ಹೆಸರು ಹಾಕಲೋ ಬೇಡವೋ ಎಂದು ವಿಚಾರಿಸಬೇಕು. ಕರಡು ಮುಗಿದ ಮೇಲೆ ಗಟ್ಟಿಯಾಗಿ ಓದಿ, ಉಸಿರು ಸಿಕ್ಕಿಹಾಕಿಕೊಂಡಲ್ಲಿ ವಾಕ್ಯವನ್ನು ಒಡೆಯಿರಿ. ಬಳಿಕ ಇಬ್ಬರಿಗೆ ಓದಲು ಕೊಡಿ: ಆ ವ್ಯಕ್ತಿಯ ಹೆಸರನ್ನೇ ಕೇಳಿರದ ಒಬ್ಬರಿಗೆ, ಆ ಕಸುಬಿನಲ್ಲೇ ಇರುವ ಇನ್ನೊಬ್ಬರಿಗೆ. ಮೊದಲನೆಯವರು ಎಲ್ಲಿ ಅರ್ಥವಾಗಲಿಲ್ಲವೆಂದು ಹೇಳುತ್ತಾರೆ, ಎರಡನೆಯವರು ಎಲ್ಲಿ ತಪ್ಪಿದೆಯೆಂದು ಹೇಳುತ್ತಾರೆ. ಬೇರೆ ಯಾರಿಂದಲೂ ಈ ಎರಡು ಉಪಕಾರ ಆಗದು.

ಈ ಹೆಜ್ಜೆಗಳನ್ನು ದಾಟಿ ಬಂದ ಕಿಟ್ಟೆಲ್ ಅವರ ಪರಿಚಯ ಹೀಗಿದೆ.

“1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದಿತು. ಅದರ ಹಿಂದೆ ಒಬ್ಬ ಪಾದ್ರಿಯ ಸುಮಾರು ಎರಡು ದಶಕಗಳ ದುಡಿಮೆಯಿತ್ತು.

ಫರ್ಡಿನೆಂಡ್ ಕಿಟ್ಟೆಲ್ ಅವರು ಇಂದಿನ ಜರ್ಮನಿಯ ವಾಯವ್ಯ ಮೂಲೆಯಲ್ಲಿರುವ ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ, 1832ರ ಏಪ್ರಿಲ್ 7ರಂದು ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದರು. ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮದ್ರಾಸಿನಲ್ಲಿ ಅಚ್ಚಾದದ್ದೂ ಅದೇ ವರ್ಷ. ಬಾಸೆಲ್ ಮಿಷನ್ನಿನಲ್ಲಿ ತರಬೇತಿ ಪಡೆದು 1853ರಲ್ಲಿ ಕನ್ನಡ ನಾಡಿಗೆ ಬಂದ ಅವರು ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಕೆಲಸ ಮಾಡಿದರು. ಜನರಿಗೆ ಬೋಧಿಸಬೇಕಾದರೆ ಜನರ ಮಾತು ಬರಬೇಕಿತ್ತು. ಮಾತನ್ನು ಕಲಿಯಹೊರಟವರು ಅದರ ಛಂದಸ್ಸಿಗೂ ವ್ಯಾಕರಣಕ್ಕೂ ಇಳಿದರು. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು.

ನಿಘಂಟಿನಲ್ಲಿ ಅವರು ಪದದ ಅರ್ಥಕ್ಕೆ ತೃಪ್ತರಾಗಲಿಲ್ಲ. ಪದಕ್ಕೆ ತಮಿಳಿನಲ್ಲಿ, ತೆಲುಗಿನಲ್ಲಿ, ತುಳುವಿನಲ್ಲಿ ಇರುವ ಬಂಧುಗಳನ್ನು ಹುಡುಕಿದರು. ಹಳಗನ್ನಡ ಕವಿಗಳ ಪ್ರಯೋಗದ ಪಕ್ಕದಲ್ಲಿ ಹಳ್ಳಿಯ ಗಾದೆಯನ್ನೂ ಕೂರಿಸಿದರು. ಮುಂಬಯಿ ಪ್ರಾಂತ್ಯ, ಮದ್ರಾಸು ಪ್ರಾಂತ್ಯ, ಮೈಸೂರು ಸಂಸ್ಥಾನ, ಕೊಡಗು ಎಂದು ಹಂಚಿಹೋಗಿದ್ದ ಕನ್ನಡಿಗರ ನುಡಿ ಆ ಒಂದು ಪುಸ್ತಕದಲ್ಲಿ ಕೂಡಿಕೊಂಡಿತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರೇಟ್ ನೀಡಿತು. ಕನ್ನಡ ವ್ಯಾಕರಣದ ಬಗ್ಗೆ ಅವರು ಇಂಗ್ಲಿಷಿನಲ್ಲಿ ಬರೆದ ಗ್ರಂಥ 1903ರಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಟ್ಯೂಬಿಂಗೆನ್ನಿನಲ್ಲಿ ಅವರು ತೀರಿಕೊಂಡರು.”

ಇದರಲ್ಲಿ ಅವರ ಮದುವೆಯ ವಿಷಯವಿಲ್ಲ, ಕ್ರಿಸ್ತನ ಕಥೆಯನ್ನು ಅವರು ಕನ್ನಡ ಪದ್ಯದಲ್ಲಿ ಹೇಳಿದ್ದಿಲ್ಲ, ಬೆಂಗಳೂರಿನಲ್ಲಿರುವ ಅವರ ಪ್ರತಿಮೆಯೂ ಇಲ್ಲ. ಎಂಟುನೂರು ಪದಗಳ ಅವಕಾಶವಿದ್ದಿದ್ದರೆ ಮೊದಲು ಒಳಗೆ ಬಿಟ್ಟುಕೊಳ್ಳುತ್ತಿದ್ದುದು ಆ ಪದ್ಯಗಳನ್ನು. ಕನ್ನಡದ ಛಂದಸ್ಸಿನ ಕಡೆಗೆ ಅವರು ತಿರುಗಿದ್ದು ಛಂದೋಂಬುಧಿಗೂ ಬಹಳ ಮುಂಚೆ ಎಂಬುದಕ್ಕೆ ಅವೇ ಪುರಾವೆ.